ಮಂಜು ಕರಗುವ ಮುನ್ನ: ನಂದಿಬೆಟ್ಟದ ಛಾಯಾಚಿತ್ರಗಳ ನೋಟಕ್ರಮ

ನಂದಿಬೆಟ್ಟದ ಛಾಯಾಚಿತ್ರ ಎಂದೊಡನೆ ಮನಸ್ಸಿಗೆ ಬರುವುದು ಬಹುಮಟ್ಟಿಗೆ ಒಂದೇ ಚಿತ್ರ. ಕೆಳಗೆ ಹಿಂಜಿದ ಹತ್ತಿಯಂತೆ ಹರಡಿಕೊಂಡ ಮಂಜು, ಅದರ ಮೇಲೆ ದ್ವೀಪಗಳಂತೆ ತೇಲುವ ಒಂದೆರಡು ಗುಡ್ಡದ ನೆತ್ತಿ, ಅವುಗಳ ಹಿಂದಿನಿಂದ ಮೇಲೇರುವ ಕೆಂಪು ಸೂರ್ಯ. ಕ್ಯಾಲೆಂಡರುಗಳಲ್ಲಿ, ಪ್ರವಾಸಿ ಕೈಪಿಡಿಗಳಲ್ಲಿ, ಪತ್ರಿಕೆಗಳ ಪುರವಣಿಗಳಲ್ಲಿ, ಈಚೆಗೆ ಕೈಫೋನುಗಳಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ತೆಗೆದವರ ಹೆಸರು ಬೇರೆ, ತೆಗೆದ ದಿನ ಬೇರೆ, ಉಪಕರಣ ಬೇರೆ. ಚಿತ್ರ ಮಾತ್ರ ಅದೇ. ಆ ಚಿತ್ರದ ಚೆಲುವನ್ನು ಅಲ್ಲಗಳೆಯುವುದು ಇಲ್ಲಿನ ಉದ್ದೇಶವಲ್ಲ. ಅಷ್ಟೊಂದು ಜನ ಒಟ್ಟಾಗಿ ನಿಂತು ಒಂದೇ ಚಿತ್ರವನ್ನು ಏಕೆ ತೆಗೆಯುತ್ತಾರೆ, ಆ ಚೌಕಟ್ಟಿನಿಂದ ಹೊರಗುಳಿಯುವುದು ಯಾವುದು ಎಂಬ ಪ್ರಶ್ನೆಗಳು ಕಲಾವಿಮರ್ಶೆಯ ಪ್ರಶ್ನೆಗಳೇ ಆಗಿವೆ. ನಾಡಿನ ಚಿತ್ರಕಲೆಯ ಬಗ್ಗೆ ನಡೆದಷ್ಟು ಚರ್ಚೆ ಛಾಯಾಚಿತ್ರದ ಬಗ್ಗೆ ನಡೆದಿಲ್ಲವಾದ್ದರಿಂದ ಇವನ್ನು ಎತ್ತಿಕೊಳ್ಳುವುದು ಅಗತ್ಯವಾಗುತ್ತದೆ.

ಮೊದಲಿಗೆ ದಿಕ್ಕಿನ ವಿಚಾರ. ನಂದಿಯ ನೆತ್ತಿಯಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಅದು ಸುಮಾರು 20 ಕಿಲೋಮೀಟರ್ ದೂರದಲ್ಲಿ ಶಿಡ್ಲಘಟ್ಟವನ್ನೂ ಅದರ ಇಮ್ಮಡಿ ದೂರದಲ್ಲಿ ಚಿಂತಾಮಣಿಯನ್ನೂ ಹೆಚ್ಚುಕಡಿಮೆ ತಾಕಿಕೊಂಡೇ ಹೋಗುತ್ತದೆ. ಹಗಲು ಇರುಳು ಸಮನಾಗಿರುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ನಂದಿಯ ಮೇಲೆ ನಿಂತವರಿಗೆ ಸೂರ್ಯ ಮೂಡುವುದು ಈ ಎರಡು ಊರುಗಳ ನೆತ್ತಿಯ ಮೇಲೆಯೇ. ಮಂಜಿನ ಕಾಲವಾದ ಚಳಿಗಾಲದಲ್ಲಿ ಅವನು ತುಸು ದಕ್ಷಿಣಕ್ಕೆ ಸರಿಯುತ್ತಾನೆ, ಅಷ್ಟೆ. ಹೀಗೆ, ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ಶಿಡ್ಲಘಟ್ಟವೂ ಚಿಂತಾಮಣಿಯೂ ಇವೆ, ಆದರೆ ಯಾವುದರಲ್ಲೂ ಕಾಣುವುದಿಲ್ಲ. ಮಂಜು ಅವನ್ನು ಮುಚ್ಚಿರುತ್ತದೆ. ಮಂಜು ಮುಚ್ಚಿದ್ದರಿಂದಲೇ ಚಿತ್ರ ಸುಂದರವಾಗಿದೆ ಎಂದು ತೆಗೆದವರೂ ನೋಡಿದವರೂ ಭಾವಿಸುತ್ತಾರೆ. ನಂದಿಯ ಛಾಯಾಚಿತ್ರದ ಸೌಂದರ್ಯ ಮೀಮಾಂಸೆಯ ತಿರುಳು ಇಲ್ಲಿದೆ. ನೆಲ ಕಾಣದಿದ್ದಾಗ ಮಾತ್ರ ಅದು ನೆಲದ ಚಿತ್ರವಾಗುತ್ತದೆ.

ಈ ನೋಟ ಸಹಜವಾಗಿ ಹುಟ್ಟಿದ್ದಲ್ಲ. ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, 1791ರ ಅಕ್ಟೋಬರಿನಲ್ಲಿ, ಕಾರ್ನ್‌ವಾಲಿಸನ ಸೇನೆ ನಂದಿದುರ್ಗವನ್ನು ಟಿಪ್ಪುವಿನಿಂದ ಕಿತ್ತುಕೊಂಡಿತು. ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರಿನ ಆಯ್ದ ನೋಟಗಳ ಸಂಪುಟದಲ್ಲಿ ನಂದಿದುರ್ಗವೂ ಸೇರಿತು. ಹೋಮ್‌ನದು ಬಯಲಿನಲ್ಲಿ ನಿಂತು ತಲೆಯೆತ್ತಿ ನೋಡುವ ದೃಷ್ಟಿ. ಬೆಟ್ಟವೆಂದರೆ ಗೆಲ್ಲಬೇಕಾದ, ಗೆದ್ದ ಮೇಲೆ ಮೆಚ್ಚಬೇಕಾದ ವಸ್ತು. ಮುಂದೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೆಟ್ಟದ ಮೇಲೆ ಬೇಸಗೆಯ ಬಿಡಾರ ಕಟ್ಟಿಸಿಕೊಂಡಾಗ ನೋಟದ ದಿಕ್ಕು ತಿರುವುಮುರುವಾಯಿತು. ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದ ಕಣ್ಣು ಮೇಲಿನಿಂದ ಕೆಳಕ್ಕೆ ನೋಡತೊಡಗಿತು. ದುರ್ಗವಾಗಿದ್ದದ್ದು ಗಿರಿಧಾಮವಾಯಿತು. ಸುಮಾರು 1,478 ಮೀಟರ್ ಎತ್ತರದ ತಂಪಿನಲ್ಲಿ ಕುಳಿತವರಿಗೆ ಕೆಳಗಿನ ಬಿಸಿಲು ನಾಡು ಒಂದು ದೃಶ್ಯ ಮಾತ್ರವಾಗಿ ಉಳಿಯಿತು. ಇಂದಿನ ಸೂರ್ಯೋದಯದ ಚಿತ್ರ ಈ ಎರಡನೆಯ ನೋಟದ ಮುಂದುವರಿಕೆ ಎಂದರೆ ತಪ್ಪಾಗಲಾರದು.

ಇದಕ್ಕೂ ಹಿಂದಿನ, ಸ್ಥಳೀಯವಾದ ಇನ್ನೊಂದು ನೋಟವಿದೆ. ಅದರಲ್ಲಿ ಬೆಟ್ಟವೂ ಬಯಲೂ ಬೇರೆಬೇರೆಯಲ್ಲ. ತುದಿಯಲ್ಲಿ ಯೋಗನಂದೀಶ್ವರನಿದ್ದರೆ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ. ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ. ಕ್ರಿ.ಶ. 806ರಷ್ಟು ಹಿಂದಿನ ತಾಮ್ರಶಾಸನದ ಆಧಾರವುಳ್ಳ ಕೆಳಗಿನ ಗುಡಿ ಗಂಗ, ಬಾಣ, ನೊಳಂಬ, ಚೋಳ, ವಿಜಯನಗರ ಕಾಲಗಳ ಕೆಲಸವನ್ನು ಒಡಲಲ್ಲಿಟ್ಟುಕೊಂಡಿದೆ. ಪಾಲಾರ್, ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು, ಚಿತ್ರಾವತಿ ಈ ಗಿರಿಸಾಲಿನಲ್ಲೇ ಹುಟ್ಟುತ್ತವೆಂದು ಜನ ನಂಬಿಕೊಂಡು ಬಂದಿದ್ದಾರೆ. ಅಂದರೆ ಬೆಟ್ಟವನ್ನು ನೋಡುವುದೆಂದರೆ ಅಲ್ಲಿಂದ ಇಳಿಯುವ ನೀರನ್ನೂ ಆ ನೀರು ತುಂಬುವ ಕೆರೆಗಳನ್ನೂ ನೋಡುವುದು. ಸೂರ್ಯೋದಯದ ಛಾಯಾಚಿತ್ರದಲ್ಲಿ ಈ ಸಂಬಂಧ ಕಡಿದುಹೋಗಿದೆ. ಭೋಗನಂದೀಶ್ವರದ ಶೃಂಗಿತೀರ್ಥ ಕಲ್ಯಾಣಿಗೂ ಛಾಯಾಗ್ರಾಹಕರು ಬರುತ್ತಾರೆ, ಆದರೆ ಮೆಟ್ಟಿಲುಗಳ ರೇಖಾವಿನ್ಯಾಸಕ್ಕಾಗಿ. ತಲೆಯೆತ್ತಿದರೆ ಕಾಣುವ ಬೆಟ್ಟವನ್ನೂ ಕಲ್ಯಾಣಿಯನ್ನೂ ಒಂದೇ ಚೌಕಟ್ಟಿನೊಳಗೆ ತಂದ ಚಿತ್ರಗಳು ಅಪರೂಪ.

ಬೆಂಗಳೂರಿನ ಛಾಯಾಚಿತ್ರ ಪರಂಪರೆಯನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು ಕಟ್ಟುವಲ್ಲಿ ಮುಂದಾಳಾಗಿದ್ದ ಡಾ. ಜಿ. ಥಾಮಸ್ ಈ ನಗರದವರು. ಸಿ. ರಾಜಗೋಪಾಲ್ ಅವರಂತಹ ಸಾಧಕರ ಕೈಯಲ್ಲಿ ಚಿತ್ರಸದೃಶ ಶೈಲಿ, ಅಂದರೆ ಬೆಳಕು ಮಂಜುಗಳನ್ನು ಬಳಸಿ ಛಾಯಾಚಿತ್ರಕ್ಕೆ ವರ್ಣಚಿತ್ರದ ಗುಣ ತರುವ ಶೈಲಿ, ಎತ್ತರಕ್ಕೆ ಬೆಳೆಯಿತು. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹವ್ಯಾಸಿಗಳ ಮುಂದಿನ ತಲೆಮಾರುಗಳನ್ನು ರೂಪಿಸಿತು. ಊರಿನಿಂದ 60 ಕಿಲೋಮೀಟರ್ ಆಚೆಗಿರುವ, ಮಂಜು ಸಿಗುವ ಬೆಟ್ಟ ಇಂತಹ ಅಭಿರುಚಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಆ ಪರಂಪರೆಯ ಒಳ್ಳೆಯ ಚಿತ್ರಗಳಲ್ಲಿ ಮಂಜು ಯಾವುದನ್ನೋ ಮೃದುವಾಗಿ ತೋರಿಸುವ ಸಾಧನವಾಗಿತ್ತು. ಕುರಿ ಕಾಯುವವನೋ, ಗಾಡಿಯೋ, ದಾರಿಯೋ ಆ ಮಂಜಿನೊಳಗಿಂದ ಮೂಡಿಬರುತ್ತಿತ್ತು. ಈಗಿನ ಚಿತ್ರದಲ್ಲಿ ಮಂಜೇ ವಸ್ತು. ಅದರೊಳಗಿಂದ ಯಾರೂ ಬರುವುದಿಲ್ಲ.

ಸ್ಪರ್ಧೆಗಳ ನಿಯಮವೂ ಇದಕ್ಕೆ ಕೈಜೋಡಿಸಿದೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿಕೊಂಡ ನಿಸರ್ಗ ವಿಭಾಗದ ವ್ಯಾಖ್ಯೆಯ ಪ್ರಕಾರ, ನಿಸರ್ಗದ ಕಥನಕ್ಕೆ ಅನಿವಾರ್ಯವಾದಲ್ಲಿ ಹೊರತು, ಮನುಷ್ಯನ ಕುರುಹು ಚಿತ್ರದಲ್ಲಿರಬಾರದು. ಇದ್ದುದನ್ನು ಅಳಿಸುವಂತೆಯೂ ಇಲ್ಲ. ಪ್ರಾಮಾಣಿಕತೆಯ ದೃಷ್ಟಿಯಿಂದ ಇದು ಒಳ್ಳೆಯ ನಿಯಮ. ಆದರೆ ಕಂಬಿಬೇಲಿ, ವಾಹನ ನಿಲ್ದಾಣ, ಸಾಲುಗಟ್ಟಿದ ಜನ ಇರುವ ಬೆಟ್ಟದ ಮೇಲೆ ಅದನ್ನು ಪಾಲಿಸುವವರು ಕಂಬಿಯಾಚೆಗೆ ಲೆನ್ಸ್ ಚಾಚಿ, ಮೋಡವೂ ಸೂರ್ಯನೂ ಮಾತ್ರ ಉಳಿಯುವಂತೆ ಚೌಕಟ್ಟನ್ನು ಕತ್ತರಿಸಬೇಕಾಗುತ್ತದೆ. ಸ್ಪರ್ಧೆಯ ಹಂಗಿಲ್ಲದವರಿಗಂತೂ ಜನರನ್ನು ಬೆರಳಿನಿಂದ ಉಜ್ಜಿ ಅಳಿಸುವ ಸೌಲಭ್ಯ ಈಗ ಫೋನಿನೊಳಗೇ ಇದೆ. ಎರಡು ದಾರಿಯೂ ತಲುಪುವುದು ಒಂದೇ ಜಾಗವನ್ನು: ಮುನ್ನೂರು ಜನರ ನಡುವೆ ಭುಜಕ್ಕೆ ಭುಜ ತಾಗಿಸಿ ನಿಂತು ತೆಗೆದ ಏಕಾಂತದ ಚಿತ್ರವನ್ನು.

ಜನಜಂಗುಳಿಯನ್ನು ಕುರಿತ ಮಾತು ಇಲ್ಲಿ ಎಚ್ಚರವನ್ನು ಬೇಡುತ್ತದೆ. ಚಿಕ್ಕಬಳ್ಳಾಪುರ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು, ಹೆದ್ದಾರಿ ಹಿಗ್ಗಿತು, ಅಗ್ಗದ ಡಿಜಿಟಲ್ ಕ್ಯಾಮೆರಾಗಳ ಬೆನ್ನಿಗೇ ಫೋನು ಬಂದಿತು. ವಾರಾಂತ್ಯದ ನಸುಕಿನಲ್ಲಿ ಬೆಟ್ಟದ ಬುಡದಲ್ಲಿ ಬೈಕುಗಳ ಸಾಲು ಬೆಳೆದದ್ದು ಹೀಗೆ. ಆ ಸಾಲಿನಲ್ಲಿರುವವರನ್ನು ಕಂಡು ಟ್ರೈಪಾಡ್ ಹೊತ್ತ ಹಳೆಯ ಹವ್ಯಾಸಿ ಗೊಣಗುವುದುಂಟು. ಬೆಟ್ಟ ಕೆಟ್ಟುಹೋಯಿತು ಎಂಬ ಆ ಗೊಣಗಾಟದಲ್ಲಿ ಕಬ್ಬನ್ ಬಿಡಾರದ ದನಿ ಸ್ವಲ್ಪ ಕೇಳಿಸುತ್ತದೆ. ವಾರವಿಡೀ ದುಡಿದು ಒಂದು ರಾತ್ರಿ ನಿದ್ದೆಗೆಟ್ಟು ಬಂದ ಯುವಕನಿಗೆ ಸೂರ್ಯನ ಎದುರು ನಿಲ್ಲುವ ಹಕ್ಕು ಯಾರಿಗಿಂತಲೂ ಕಡಿಮೆಯಲ್ಲ. ಅವನು ಬೆಳಕಿಗೆ ಬೆನ್ನುಹಾಕಿ ತನ್ನ ಮುಖವನ್ನೇ ತೆಗೆದುಕೊಳ್ಳುತ್ತಾನೆ ಎಂಬ ಆಕ್ಷೇಪವೂ ಗಟ್ಟಿಯಾದದ್ದಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ರಸಿಕರು ದೃಶ್ಯಕ್ಕೆ ಬೆನ್ನು ತಿರುಗಿಸಿ, ಕ್ಲಾಡ್ ಕನ್ನಡಿ ಎಂಬ ಮಬ್ಬು ಬಣ್ಣದ ಉಬ್ಬುಗನ್ನಡಿಯಲ್ಲಿ ಅದರ ಪ್ರತಿಬಿಂಬವನ್ನು ನೋಡಿ ಸುಖಿಸುತ್ತಿದ್ದರು. ಹೋಮ್‌ನಂತಹವರ ಅಭಿರುಚಿ ರೂಪುಗೊಂಡದ್ದು ಅದೇ ಕಾಲದಲ್ಲಿ. ಸ್ವಂತ ಮುಖದ ಚಿತ್ರದಲ್ಲಿ ಕನಿಷ್ಠಪಕ್ಷ ಅಲ್ಲಿ ಒಬ್ಬ ಮನುಷ್ಯನಿದ್ದ ಎಂಬ ಸತ್ಯ ಉಳಿದಿರುತ್ತದೆ. ಏಕಾಂತದ ಚಿತ್ರದಲ್ಲಿ ಅದೂ ಇಲ್ಲ.

ಗುಂಪನ್ನೇ ವಸ್ತುವಾಗಿಸಿದ ಕೆಲಸ ಹೊರಗಡೆ ನಡೆದಿದೆ. ಬ್ರಿಟನ್ನಿನ ಮಾರ್ಟಿನ್ ಪಾರ್ 1995ರ ತನ್ನ ಪುಸ್ತಕದಲ್ಲಿ ಲೋಕಪ್ರಸಿದ್ಧ ತಾಣಗಳನ್ನು ಬಿಟ್ಟು ಅವುಗಳ ಮುಂದೆ ನಿಂತ ಪ್ರವಾಸಿಗರನ್ನು ಚಿತ್ರಿಸಿದ. ಜಪಾನಿನ ಫುಜಿಕಾವಾಗುಚಿಕೊ ಊರಿನವರು 2024ರಲ್ಲಿ ಒಂದು ಅಂಗಡಿಯ ಹಿಂದೆ ಕಾಣುತ್ತಿದ್ದ ಫುಜಿ ಪರ್ವತಕ್ಕೆ ಅಡ್ಡಲಾಗಿ ಕಪ್ಪು ಪರದೆ ಕಟ್ಟಿದ್ದು ಸುದ್ದಿಯಾಯಿತು. ಅಲ್ಲಿ ಗುಂಪು ನೋಟವನ್ನೇ ಕಳೆದುಕೊಂಡಿತು. ನಂದಿಯಲ್ಲಿ ಪರದೆಯ ಅಗತ್ಯ ಬೀಳಲಿಲ್ಲ. 2021ರ ಆಗಸ್ಟಿನಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ದಾರಿ ಕೊಚ್ಚಿಹೋಗಿ, ಡಿಸೆಂಬರಿನವರೆಗೆ ಬೆಟ್ಟ ಪ್ರವಾಸಿಗರಿಗೆ ಮುಚ್ಚಿತ್ತು. ಮಂಜಿನ ಚಿತ್ರದ ಅಡಿಯಲ್ಲಿ ಒಂದು ನೆಲವಿದೆ, ಅದು ಜಾರಬಲ್ಲದು ಎಂಬುದು ಆ ತಿಂಗಳುಗಳಲ್ಲಿ ಎಲ್ಲರಿಗೂ ಗೊತ್ತಿತ್ತು. ಮತ್ತೆ ತೆರೆದಾಗ ಮೊದಲು ಬಂದ ಚಿತ್ರಗಳು ಮಂಜಿನವೇ. 2023ರ ಮಾರ್ಚಿನಲ್ಲಿ ರೋಪ್‌ವೇಗೆ ಅಡಿಗಲ್ಲು ಬಿತ್ತು.

ಚಿತ್ರವಾಗುವ ಬೆಟ್ಟ, ಚಿತ್ರವಾಗದ ಬೆಟ್ಟ ಎಂಬ ಭೇದದ ಪರಿಣಾಮ ಬರಿಯ ಅಭಿರುಚಿಗೆ ಸೀಮಿತವಾದದ್ದಲ್ಲ. ನಂದಿಯಲ್ಲಿ ಜಾಗ ಸಾಲದಾದಾಗ ಗುಂಪು ಸ್ಕಂದಗಿರಿಗೆ ಹರಿಯಿತು. ಮೋಡದ ಮೇಲಿನ ಸೂರ್ಯ ಅಲ್ಲೂ ಸಿಗುತ್ತಾನೆಂದು ಗೊತ್ತಾದ ಮೇಲೆ ಕಳವಾರದ ದುರ್ಗದ ಹಾದಿ ಚಾರಣದ ಹಾದಿಯಾಯಿತು. ಆಮೇಲೆ ಗೌರಿಬಿದನೂರಿನ ಕಡೆಯ, ಮಂಚೇನಹಳ್ಳಿ ಬಳಿಯ ಆವಲಬೆಟ್ಟ. ಲಕ್ಷ್ಮೀನರಸಿಂಹನ ಸನ್ನಿಧಿಯೆಂದು ಸುತ್ತಲಿನವರಿಗೆ ಗೊತ್ತಿದ್ದ ಆ ಬೆಟ್ಟ, ಪ್ರಪಾತದ ಮೇಲೆ ನಾಲಗೆಯಂತೆ ಚಾಚಿದ ಒಂದು ಬಂಡೆಯ ಚಿತ್ರದಿಂದಾಗಿ ನಗರದವರಿಗೆ ಪರಿಚಯವಾಯಿತು. ಅಲ್ಲಿಗೆ ಹೋಗುವವರು ಸಾಮಾನ್ಯವಾಗಿ ಹೆದ್ದಾರಿ ಬಿಡುವುದು ಪೇರೇಸಂದ್ರದಲ್ಲಿ. ಅದೇ ಪೇರೇಸಂದ್ರದ ಆಸುಪಾಸಿನ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಕಲ್ಲುಗಣಿಗೆಂದು ತಂದಿದ್ದ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಬಂಡೆಯ ತುದಿಯಲ್ಲಿ ಕೈಚಾಚಿ ನಿಂತವರ ಚಿತ್ರಗಳೂ ಬಂಡೆ ಸಿಡಿಸುವ ಕಸುಬೂ ಒಂದೇ ಸೀಮೆಯವು. ಮೊದಲನೆಯದರ ಚಿತ್ರಗಳು ಎಣಿಕೆಗೆ ಸಿಗವು. ಎರಡನೆಯದು ಸಾವು ಸಂಭವಿಸಿದ ದಿನ ಮಾತ್ರ ಪತ್ರಿಕಾ ಛಾಯಾಗ್ರಾಹಕರ ಮೂಲಕ ಕಾಣಿಸಿಕೊಂಡಿತು. ಹೆಸರುಳ್ಳ ಬೆಟ್ಟಕ್ಕೆ ಕಾವಲು, ಟಿಕೆಟ್ಟು, ಬೇಲಿಗಳು ಬರುತ್ತವೆ. ಹೆಸರಿಲ್ಲದ ಗುಡ್ಡ ಜಲ್ಲಿಯಾಗಿ ಲಾರಿ ಏರುತ್ತದೆ, ಅದು ಹೋದದ್ದು ತಿಳಿಯುವುದಕ್ಕೆ ಹಿಂದಿನ ಒಂದು ಚಿತ್ರವೂ ಇರುವುದಿಲ್ಲ. ಛಾಯಾಚಿತ್ರಕ್ಕೆ ದಾಖಲೆಯ ಮೌಲ್ಯವಿದೆ ಎಂದು ಎಲ್ಲರೂ ಹೇಳುತ್ತಾರೆ. ಈ ಜಿಲ್ಲೆಯ ಮಟ್ಟಿಗೆ ಆ ದಾಖಲೆ ಒಂದು ದಿಕ್ಕಿನ, ಒಂದು ಗಂಟೆಯ ದಾಖಲೆಯಾಗಿ ಉಳಿದಿದೆ.

ಈ ಏಕರೂಪತೆಯನ್ನು ಕದಲಿಸಿದ ಒಂದು ಗುಂಪು ಬೆಟ್ಟದ ಮೇಲೆಯೇ ಇದೆ, ಅದು ಪಕ್ಷಿ ಛಾಯಾಗ್ರಾಹಕರದು. ಕುರುಚಲು ಕಾಡಿನ ಬಂಡೆಗುಡ್ಡಗಳನ್ನೇ ನೆಚ್ಚಿಕೊಂಡ, ದಕ್ಷಿಣ ಭಾರತಕ್ಕೇ ಸೀಮಿತವಾದ ಹಳದಿ ಕೊರಳಿನ ಪಿಕಳಾರ ಇಲ್ಲಿ ಕಾಣಸಿಗುತ್ತದೆ. ಅದಕ್ಕಾಗಿ ಬರುವವರು ಸೂರ್ಯ ಹುಟ್ಟಿದ ಮೇಲೂ ಉಳಿಯುತ್ತಾರೆ, ಪೊದೆ, ಬಂಡೆ, ಹಣ್ಣಿನ ಗಿಡಗಳನ್ನು ಹತ್ತಿರದಿಂದ ನೋಡುತ್ತಾರೆ. ಅವರಲ್ಲೂ ಒಂದೇ ಹಕ್ಕಿಗೆ ಇಪ್ಪತ್ತು ಲೆನ್ಸುಗಳು ಮುತ್ತುವ ಚಾಳಿಯಿಲ್ಲದಿಲ್ಲ. ಆದರೂ ಅವರ ಚಿತ್ರದಲ್ಲಿ ಬೆಟ್ಟ ಹಿನ್ನೆಲೆಯಾಗಿ ಉಳಿಯದೆ ಆವಾಸವಾಗಿ ಬರುತ್ತದೆ. ಎಲೆಯ ಧೂಳೂ ಅದರಲ್ಲಿ ಸೇರುತ್ತದೆ.

ನಿಜವಾಗಿ ಬಿಟ್ಟುಹೋದದ್ದು ಮಂಜು ಕರಗಿದ ನಂತರದ ಚಿತ್ರ. ಬಿಸಿಲು ಏರಿ ಬಿಳಿಯ ಹೊದಿಕೆ ಹರಿದಂತೆ ಕೆಳಗೆ ದ್ರಾಕ್ಷಿಯ ಚಪ್ಪರಗಳು, ಹಿಪ್ಪುನೇರಳೆ ತೋಟಗಳು, ಹೂವಿನ ಪಾಲಿಹೌಸುಗಳ ಬಿಳಿಯ ಚೌಕಗಳು, ಹೊಸ ಬಡಾವಣೆಗಳ ಕೆಂಪು ರಸ್ತೆಗಳು, ಕೆಲವು ತುಂಬಿದ, ಕೆಲವು ಬತ್ತಿದ ಕೆರೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಈ ಕೆರೆಗಳಿಗೆ ತುಂಬುವ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯ ಫಲವನ್ನೂ ಅದರ ಬಗೆಗಿನ ಆತಂಕವನ್ನೂ ಒಂದೇ ಚೌಕಟ್ಟಿನಲ್ಲಿ ಓದಬಹುದಾದ ಹೊತ್ತು ಅದು. ಆ ಹೊತ್ತಿಗೆ ಬೆಳಕು ಚಪ್ಪಟೆಯಾಯಿತೆಂದು ಕ್ಯಾಮೆರಾಗಳು ಚೀಲ ಸೇರುತ್ತವೆ. ಬೆಳಕು ಚಪ್ಪಟೆಯಾಗುವುದು ನಿಜವೇ. ನೆರಳು ಕಡಿಮೆಯಾಗಿ ಬಣ್ಣ ಸೊರಗುತ್ತದೆ. ಆದರೆ ಚಪ್ಪಟೆ ಬೆಳಕಿನಲ್ಲಿ ಈ ನೆಲವನ್ನು ಹೇಗೆ ತೆಗೆಯಬೇಕೆಂಬ ಪ್ರಶ್ನೆಯನ್ನು ಛಾಯಾಗ್ರಹಣದ ತರಬೇತಿಗಳು ಅಷ್ಟಾಗಿ ಎತ್ತಿಕೊಂಡಿಲ್ಲ.

ಕಾರುಗಳು ತಿರುವುಗಳನ್ನು ಇಳಿಯತೊಡಗುತ್ತವೆ. ಬುಡದಲ್ಲಿ ಸೀಬೆ, ಸೌತೆಕಾಯಿ, ಬೇಯಿಸಿದ ಜೋಳ ಮಾರುವವರಿಗೆ ವ್ಯಾಪಾರದ ಹೊತ್ತು. ಪೂರ್ವಕ್ಕೆ, ಬೆಳಗಿನ ಚಿತ್ರಗಳಲ್ಲಿ ಸೂರ್ಯ ನಿಂತಿದ್ದ ಜಾಗದ ಕೆಳಗೆ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು. ಬಿಚ್ಚಾಣಿಕೆಯ ಮನೆಗಳಲ್ಲಿ ಗೂಡು ಬೇಯುವ ಹಬೆ ಮೇಲೇಳುತ್ತಿರುತ್ತದೆ. ಬೆಟ್ಟದ ಮೇಲಿನಿಂದ ಅದು ಕಾಣುವುದಿಲ್ಲ.