'ಅವ್ವ ಬೇಕು', 'ಅವ್ವಗ ಬೇಕು': ಸಂಕೇತಫಲಕಗಳಲ್ಲಿ ವಿಭಕ್ತಿಯ ಪ್ರಶ್ನೆ

ಮಾತಿಗೆ ಬದಲಾಗಿ ಚಿತ್ರಗಳನ್ನು ಒತ್ತಿ ಸಂವಹನ ನಡೆಸುವ ಸಾಧನಗಳಲ್ಲಿ 'ಒಂದು ಚಿತ್ರಕ್ಕೆ ಒಂದು ಪದ' ಎಂಬ ವಿನ್ಯಾಸ ಸಾಮಾನ್ಯವಾದುದು. ಚಿತ್ರಗಳ ಕೆಳಗಿನ ಇಂಗ್ಲಿಷ್ ಪದಗಳನ್ನು ಬದಲಿಸಿದರೆ ಫಲಕವು ಕನ್ನಡದ್ದಾಗುತ್ತದೆ ಎಂಬ ಗ್ರಹಿಕೆಯನ್ನು ನಾವಿಲ್ಲಿ ಪ್ರಶ್ನಿಸುತ್ತೇವೆ.

ಬಯಸುವವರು ಯಾರು, ಬಯಸಿದ್ದು ಏನು ಎಂಬುದನ್ನು ಇಂಗ್ಲಿಷಿನಲ್ಲಿ ಪದಕ್ರಮ ತಿಳಿಸುತ್ತದೆ. ಕನ್ನಡದಲ್ಲಿ ವಿಭಕ್ತಿ ತಿಳಿಸುತ್ತದೆ. 'ನಾನು', 'ಬೇಕು' ಎಂಬ ಚಿತ್ರಗಳನ್ನು ಒತ್ತಿದ ಮಗುವಿಗೆ ಇಂಥ ಫಲಕ ಕೊಡುವ ವಾಕ್ಯ 'ನಾನು ಬೇಕು'. ಅದರ ಅರ್ಥ, ಇನ್ನಾರಿಗೋ ನಾನು ಬೇಕು ಎಂದು. 'ಬೇಕು' ಬಂದಲ್ಲೆಲ್ಲ ಚತುರ್ಥಿಯನ್ನು ತಂತ್ರಾಂಶವೇ ಸೇರಿಸಲಿ ಎಂಬ ಪರಿಹಾರವೂ ಸಾಲದು. ಚಿಂಚೋಳಿ ತಾಲ್ಲೂಕಿನ ಐನಾಪುರದಂಥ ಊರಿನ ಆಡುಮಾತಿನಲ್ಲಿ 'ಅವ್ವ ಬೇಕು' ಎಂಬುದು ಮಗುವಿನ ಹಂಬಲ. 'ಅವ್ವಗ ಬೇಕು' ಎಂಬುದು ಅವ್ವನ ಅಗತ್ಯ. ಎರಡಕ್ಕೂ ಒತ್ತುವ ಚಿತ್ರಗಳು ಅವೇ. ತಂತ್ರಾಂಶ ತಪ್ಪಾಗಿ ಊಹಿಸಿದರೆ ತಿದ್ದಲು ಮಗುವಿಗೆ ಆ ಫಲಕವಲ್ಲದೆ ಬೇರೆ ಮಾತಿಲ್ಲ.

ಚಿತ್ರಸಂಕೇತಕ್ಕೆ ವ್ಯಾಕರಣವನ್ನು ಹೊರುವ ಶಕ್ತಿಯಿಲ್ಲ ಎನ್ನಲಾಗದು. ಚಾರ್ಲ್ಸ್ ಬ್ಲಿಸ್ 1949ರಲ್ಲಿ ಪ್ರಕಟಿಸಿದ, 1971ರಿಂದ ಟೊರೊಂಟೊದಲ್ಲಿ ಮಾತು ಬಾರದ ಮಕ್ಕಳಿಗೆ ಕಲಿಸಲಾದ ಸಂಕೇತಗಳಲ್ಲಿ ಬಹುವಚನಕ್ಕೂ ಕಾಲಕ್ಕೂ ಪ್ರತ್ಯೇಕ ಸೂಚಕಗಳಿವೆ. ಕನ್ನಡ ಫಲಕದಲ್ಲಿ ಚತುರ್ಥಿಗೂ ಅಂಥದೊಂದು ಗುಂಡಿ ಇರಬೇಕೆಂಬುದು ನಮ್ಮ ವಾದ. ಇದರಿಂದ ಒತ್ತುವ ಶ್ರಮ ಹೆಚ್ಚುತ್ತದೆ. ಕೈ ಸ್ವಾಧೀನದಲ್ಲಿಲ್ಲದವರಿಗೆ ಅದು ಸಣ್ಣ ಹೊರೆಯಲ್ಲ. ಆದ್ದರಿಂದ 'ನಾನು', 'ಬೇಕು' ಜೊತೆಯಾದಾಗ 'ನನಗೆ' ಎಂಬ ರೂಪ ತಾನಾಗಿ ಮೂಡಲಿ. ಅದನ್ನು ಬದಲಿಸುವ ಅವಕಾಶವೂ ಇರಲಿ. ಉಳಿದ ನಾಮಪದಗಳಲ್ಲಿ ವಿಭಕ್ತಿಯ ಆಯ್ಕೆ ಬಳಸುವವರದೇ ಆಗಿರಬೇಕು.