ತಾಯಿಮರ ಯಾವ ಊರಿನದು?

ಶಿರಸಿ ಸೀಮೆಯ ವಾನಳ್ಳಿ ಕಡೆ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಯ ಮಾವಿನಮಿಡಿ, ಕೊಳ್ಳುವವರು ಮೊದಲು ನೋಡುವುದು ಕಾಯಿಯ ಅಂದವನ್ನಲ್ಲ. ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮೂಸುತ್ತಾರೆ. ಜೀರಿಗೆ ವಾಸನೆ ಬಂದರೆ ಜೀರಿಗೆ ಅಪ್ಪೆ, ಕರ್ಪೂರದ ಘಾಟು ಬಂದರೆ ಕರ್ಪೂರದ ಅಪ್ಪೆ. ಪರಿಮಳವೇ ಇಲ್ಲದಿದ್ದರೆ ಬರೀ ಕಾಡುಮಾವು, ಮುಂದೆ ಮಾತಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೊಳೆಯಂಚಿನಲ್ಲಿ, ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಇವು ಹೆಚ್ಚಾಗಿ ತಾವಾಗಿಯೇ ಹುಟ್ಟಿ ಬೆಳೆದ ಮರಗಳು. ಮಿಡಿ ರುಚಿಸಿದ ಮರಕ್ಕೆ ಊರಿನದೋ ಮನೆಯವರದೋ ಹೆಸರು ಅಂಟುತ್ತದೆ. ಅನಂತಭಟ್ಟನ ಅಪ್ಪೆ ಹಾಗೆ ಹೆಸರಾದದ್ದು. ಉಪ್ಪಿನಕಾಯಿಯ ಬಾಳಿಕೆಯಲ್ಲಿ ಅದಕ್ಕೇ ಹೆಚ್ಚು ಅಂಕ. 2009ರಲ್ಲಿ ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು.

ಇಂಥ ಮರವನ್ನು ಇನ್ನೊಂದೆಡೆ ಬೆಳೆಸಹೊರಟರೆ ತೊಡಕಿರುವುದು ಗೊರಟಿನಲ್ಲಿ. ಮಾವಿನ ಹೂವಿಗೆ ನೊಣ, ಜೇನು ಯಾವ್ಯಾವುದೋ ಮರದ ಪರಾಗ ತಂದು ಹಾಕಿರುತ್ತವೆ. ಜೀರಿಗೆ ಅಪ್ಪೆಯ ಗೊರಟು ಊರಿ ವರ್ಷಗಟ್ಟಲೆ ಕಾದರೂ ಜೀರಿಗೆಯ ಪರಿಮಳ ಬಂದೇ ಬರುತ್ತದೆಂಬ ಖಾತ್ರಿಯಿಲ್ಲ. ಸೇಬಿನದೂ ಇದೇ ಕಥೆ. ಇಂಗ್ಲೆಂಡಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಒಬ್ಬ ಹುಡುಗಿ ಬಿತ್ತಿದ ಬೀಜದಿಂದ ಎದ್ದ ಮರವೇ ಬ್ರಾಮ್ಲಿ ಎಂಬ ಹುಳಿ ಸೇಬಿನ ಮೂಲ. ಇಂದಿನ ಬ್ರಾಮ್ಲಿ ಗಿಡಗಳೆಲ್ಲ ಅದರ ಕಸಿಯ ಸಂತಾನ. ಅದೂ ಅಡುಗೆಯ ಕಾಯಿಯೇ ಅನ್ನಿ, ಹಣ್ಣಾಗಿ ತಿನ್ನುವವರು ಕಡಿಮೆ.

ಹಾಗಾಗಿ ಅಪ್ಪೆಗೂ ಕಸಿಯೇ ಗತಿ. ಕಾಡುಮಾವಿನ ಎಳೆಗಿಡದ ತಲೆ ಕತ್ತರಿಸಿ, ಕಾಂಡವನ್ನು ಸೀಳಿ, ಹೆಸರಾದ ಮರದ ಪೆನ್ಸಿಲ್ ಗಾತ್ರದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸುತ್ತಾರೆ. ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತುತ್ತಾರೆ. ತೊಗಟೆಗೆ ತೊಗಟೆ ಒಂದು ಬದಿಯಲ್ಲಾದರೂ ಕೂಡಬೇಕು. ನಡುವೆ ನೀರಿಳಿದರೆ ಕಡ್ಡಿ ಕಪ್ಪಾಗುತ್ತದೆ. ಹಿಡಿದ ಮೇಲೂ ಬುಡದ ಚಿಗುರನ್ನು ಚಿವುಟುತ್ತಲೇ ಇರಬೇಕು, ಇಲ್ಲವಾದರೆ ಕಾಡುಮಾವೇ ಮೇಲೆದ್ದು ಕಸಿಯನ್ನು ನುಂಗುತ್ತದೆ.

ಕೊಯ್ಲಿಗೂ ಶಿಸ್ತು ಬೇಕು. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಾರೆ. ಸೊನೆ ಸೋರಿದರೆ ಪರಿಮಳ ಹೋಯಿತು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಭರಣಿಯಲ್ಲಿ ಕೊಳೆತು ಉಳಿದದ್ದನ್ನೂ ಕೆಡಿಸೀತು. ಎಣಿಸಿ ನೂರರ ಲೆಕ್ಕದಲ್ಲಿ ಮಾರುವ ಮಾಲು ಇದು, ದುಡ್ಡಿನ ಆಸೆಗೆ ಟೊಂಗೆಯನ್ನೇ ಕಡಿದು ಕೆಡವುವವರೂ ಇದ್ದಾರೆ. ಅಂಥವರನ್ನು ಬೆಟ್ಟಕ್ಕೆ ಬಿಡಬಾರದು.

ಅಪ್ಪೆ ಪ್ರತಿ ವರ್ಷ ಒಂದೇ ಸಮ ಕಾಯಿ ಬಿಡುವ ಮರವಲ್ಲ, ಅದನ್ನರಿತೇ ನೆಡಬೇಕು. ತೋಟದ ಅಂಚಿನಲ್ಲಿ ಒಂದೇ ಗಿಡಕ್ಕೆ ಜಾಗವಿದ್ದರೆ ಉಪ್ಪಿನಕಾಯಿಗೆಂದು ಅನಂತಭಟ್ಟನನ್ನೇ ಆರಿಸಬಹುದು. ಎರಡಕ್ಕಿದ್ದರೆ ಪರಿಮಳಕ್ಕೆ ಜೀರಿಗೆಯೂ ಇರಲಿ. ಕಸಿ ಗಿಡ ಕೊಳ್ಳುವಾಗ ತಾಯಿಮರ ಯಾವ ಊರಿನದೆಂದು ಕೇಳಿ. ಹೇಳಲು ತಡವರಿಸುವವರ ಹತ್ತಿರ ಕೊಳ್ಳಬೇಡಿ.