ಕೋಡಿ ಬಿದ್ದ ಕೆರೆಗಳನ್ನು ಕಾಣದ ಲೆಕ್ಕ

ಚೆನ್ನೈಯ 2015ರ ಪ್ರವಾಹದ ಬಗ್ಗೆ ಬರೆಯುವವರು ಇಂದಿಗೂ ಎರಡು ದಾಖಲೆಗಳನ್ನು ಮುಂದಿಟ್ಟುಕೊಂಡೇ ಮಾತು ಶುರುಮಾಡುತ್ತಾರೆ. ಒಂದು, 2018ರಲ್ಲಿ ತಮಿಳುನಾಡು ವಿಧಾನಸಭೆಯಲ್ಲಿ ಮಂಡನೆಯಾದ ಸಿಎಜಿ ವರದಿ. ಇದು ಮನುಷ್ಯರೇ ತಂದುಕೊಂಡ ಅನಾಹುತ ಎಂದು ಅದು ಹೇಳಿತು. ಇನ್ನೊಂದು, 2019ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೇಖನ. ದೇಶದ ಮೊದಲ ಸಮಗ್ರ ನಗರ ಪ್ರವಾಹ ಮುನ್ಸೂಚನಾ ವ್ಯವಸ್ಥೆ ಚೆನ್ನೈಗೆ ಸಿದ್ಧವಾಗಿದೆ ಎಂದು ಅದು ಸಾರಿತು. ಇವೆರಡಕ್ಕೂ ಮೊದಲೇ, 2016ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಲಸಂಶೋಧನಾ ಕೇಂದ್ರದಿಂದ ‘ಚೆನ್ನೈ ಪ್ರವಾಹ 2015: ತ್ವರಿತ ಅವಲೋಕನ’ ಎಂಬರ್ಥದ ಹೆಸರಿನ ಇಂಗ್ಲಿಷ್ ವರದಿಯೊಂದು ಹೊರಬಂದಿತ್ತು. ಬಾಲಾಜಿ ನರಸಿಂಹನ್, ಮೂರ್ತಿ ಭಲ್ಲಮೂಡಿ, ಅರ್ಪಿತಾ ಮಂಡಲ್, ಸುಬಿಮಲ್ ಘೋಷ್, ಪ್ರದೀಪ್ ಮುಜುಮ್‌ದಾರ್ ಸೇರಿ ಬರೆದದ್ದು. ಮೂರರಲ್ಲಿ ಹೆಚ್ಚು ತೂಕದ್ದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಶೋಧಕರು ಇದನ್ನು ಉಲ್ಲೇಖಿಸುತ್ತಾರೆ. ಸಾರ್ವಜನಿಕ ಚರ್ಚೆಯಲ್ಲಿ ಮಾತ್ರ ಇದರ ಹೆಸರು ಕಿವಿಗೆ ಬೀಳುವುದು ಅಪರೂಪ.

2015ರ ಡಿಸೆಂಬರಿನ ಕಥೆ ಓದುಗರಿಗೆ ಗೊತ್ತಿದ್ದದ್ದೇ. ನವೆಂಬರಿಡೀ ಸುರಿದ ಮಳೆ, ಡಿಸೆಂಬರ್ 1ರ ಹಗಲು ರಾತ್ರಿ ತಾಂಬರಂನಲ್ಲಿ 490 ಮಿ.ಮೀ., ಚೆಂಬರಂಬಾಕ್ಕಂನಲ್ಲಿ 470 ಮಿ.ಮೀ., ಅಡ್ಯಾರ್ ನದಿ ಉಕ್ಕಿ ವಿಮಾನ ನಿಲ್ದಾಣವನ್ನೇ ಮುಚ್ಚಿಸಿದ್ದು. ಇಲ್ಲಿ ನನ್ನ ವಿಷಯ ಆ ಮಳೆ ಹೇಗೆ ಹೊಳೆಯಾಯಿತು ಎಂಬುದನ್ನು ಲೆಕ್ಕ ಹಾಕುವ ವಿದ್ಯೆ. ಮಳೆ–ಹರಿವು ಮಾದರಿಗಳ ಈ ವಿದ್ಯೆಯ ಕಸುಬುದಾರರು ಯಾವುದಕ್ಕೆ ಬೆವರು ಸುರಿಸಿದ್ದಾರೆ, ಯಾವುದನ್ನು ಕೈಬಿಟ್ಟಿದ್ದಾರೆ ಎಂಬುದನ್ನು ಒಂದೇ ಒಂದು ತಂತ್ರದ ಮೂಲಕ ನೋಡಬೇಕೆಂದಿದ್ದೇನೆ.

ಆ ತಂತ್ರದ ಹೆಸರು ಕರ್ವ್ ನಂಬರ್. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ 1950ರ ದಶಕದಲ್ಲಿ ಸಣ್ಣ ಕೃಷಿ ಜಲಾನಯನಗಳಿಗೆಂದು ರೂಪಿಸಿದ ಸರಳ ಸೂತ್ರ ಇದು. ನೆಲಕ್ಕೆ ನೂರರೊಳಗಿನ ಒಂದು ಅಂಕ ಕೊಡುತ್ತಾರೆ. ಕಾಂಕ್ರೀಟು ಹಾಸಿದ ನೆಲಕ್ಕೆ 98, ಮಣ್ಣು ಮತ್ತು ಬೆಳೆ ನೋಡಿಕೊಂಡು ಹೊಲಗಳಿಗೆ ಅದಕ್ಕಿಂತ ಕಡಿಮೆ. ಆ ಅಂಕ ಮತ್ತು ಮಳೆಯ ಮೊತ್ತ ಗೊತ್ತಾದರೆ ಎಷ್ಟು ನೀರು ಇಂಗಿತು, ಎಷ್ಟು ಹರಿಯಿತು ಎಂದು ಹೇಳಬಹುದು. ಉಪಗ್ರಹ ಚಿತ್ರಗಳು ಕೈಗೆಟುಕಿದ ಮೇಲೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಬಂಧಗಳಿಗೆ ಇದು ಹೇಳಿ ಮಾಡಿಸಿದ ಸಾಧನವಾಯಿತು. ಎರಡು ಕಾಲದ ಭೂಬಳಕೆ ನಕ್ಷೆ, ಅದರ ಮೇಲೆ ಕರ್ವ್ ನಂಬರ್, ಕೊನೆಗೆ ನಗರ ಬೆಳೆದಂತೆ ಹರಿವು ಇಷ್ಟು ಶೇಕಡಾ ಹೆಚ್ಚಿತು ಎಂಬ ತೀರ್ಮಾನ. ಅಡ್ಯಾರ್, ಕೂವಂ ಜಲಾನಯನಗಳ ಮೇಲೆ ಇದೇ ಅಚ್ಚಿನ ಎಷ್ಟೋ ಕೆಲಸಗಳು ಬಂದಿವೆ.

ಈ ಸೂತ್ರವನ್ನು ಡಿಸೆಂಬರ್ 1ರ ಮಳೆಗೆ ಹಚ್ಚಿ ನೋಡಿ. ಅರೆಗ್ರಾಮೀಣ ನೆಲಕ್ಕೆ 75 ಅಂಕ ಕೊಡೋಣ, ದಟ್ಟವಾಗಿ ಕಟ್ಟಿದ ಬಡಾವಣೆಗೆ 90. ಸಾಧಾರಣ ಮಳೆ, 60 ಮಿ.ಮೀ. ಬಿತ್ತೆನ್ನಿ. ಮೊದಲನೆಯದರಿಂದ ಹರಿಯುವುದು ಸುಮಾರು 15 ಮಿ.ಮೀ., ಎರಡನೆಯದರಿಂದ 36. ಎರಡೂವರೆ ಪಟ್ಟಿನ ವ್ಯತ್ಯಾಸ. ನಗರೀಕರಣ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಈಗ ಅದೇ ನೆಲದ ಮೇಲೆ 470 ಮಿ.ಮೀ. ಸುರಿಯಲಿ. ಮೊದಲನೆಯದರಿಂದ 382 ಮಿ.ಮೀ., ಎರಡನೆಯದರಿಂದ 438. ಅಂತರ 56 ಮಿ.ಮೀ., ಅಂದರೆ ನೂರಕ್ಕೆ ಹದಿನೈದು. ಅಂಥ ಮಳೆಯಲ್ಲಿ ಹೊಲವೂ ತಾರಸಿಯೂ ಹೆಚ್ಚುಕಡಿಮೆ ಒಂದೇ ಆಗುತ್ತವೆ ಎಂದು ಸೂತ್ರವೇ ಹೇಳುತ್ತಿದೆ. ಹಾಗಿದ್ದ ಮೇಲೆ ಮಹಾಪ್ರವಾಹವನ್ನು ಅರ್ಥಮಾಡಿಕೊಳ್ಳಲು ಹೊರಟವರು ತಮ್ಮ ಶ್ರಮದ ಬಹುಪಾಲನ್ನು ಈ ಅಂಕವನ್ನು ನಯಗೊಳಿಸುವುದಕ್ಕೇ ಏಕೆ ಸುರಿಯಬೇಕು? ಕಾಂಕ್ರೀಟಿನಿಂದ ಹಾನಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ಕಾಂಕ್ರೀಟು ನೀರನ್ನು ಬೇಗ ತಲುಪಿಸುತ್ತದೆ, ಕಾಲುವೆ ಮುಚ್ಚಿಸುತ್ತದೆ, ಕೆರೆ ನುಂಗುತ್ತದೆ. ಆದರೆ ಇವು ಯಾವುವೂ ಆ ಅಂಕದೊಳಗೆ ಇಲ್ಲ.

ಕೆರೆಯ ಮಾತಿಗೆ ಬರೋಣ. ಒಂದು ಕೆರೆ, ಅದರ ಹರವಿನ ಹತ್ತು ಪಟ್ಟು ಅದರ ಜಲಾನಯನ ಎಂದಿಟ್ಟುಕೊಳ್ಳಿ. ಕೋಡಿಯ ಮಟ್ಟಕ್ಕೆ ಇನ್ನೂ ಒಂದು ಮೀಟರ್ ಜಾಗ ಖಾಲಿ ಇದೆ. ಆಗ ಇಡೀ ಜಲಾನಯನದಿಂದ ಹರಿದು ಬರುವ 100 ಮಿ.ಮೀ. ನೀರನ್ನು ಆ ಕೆರೆ ಹೊರಗೆ ಬಿಡದೆ ಹಿಡಿದುಕೊಳ್ಳುತ್ತದೆ. ಹೊಲ ಬಡಾವಣೆಯಾದಾಗ ಹೆಚ್ಚುವ 56 ಮಿ.ಮೀ.ಗಿಂತ ಒಂದು ಮೀಟರ್ ಖಾಲಿ ಕೆರೆಯ ತೂಕ ಹೆಚ್ಚು, ಹತ್ತಿರ ಹತ್ತಿರ ಎರಡು ಪಟ್ಟು. ಅದೇ ಕೆರೆ ಆಗಲೇ ಕೋಡಿ ಬಿದ್ದಿದ್ದರೆ ಅದು ಹಿಡಿಯುವುದು ಏನೂ ಇಲ್ಲ. ಬಂದದ್ದನ್ನು ಕೆಳಗಿನ ಕೆರೆಗೆ ದಾಟಿಸುತ್ತದೆ. ಕೆಳಗಿನದೂ ತುಂಬಿದ್ದರೆ ಅದು ಅದರ ಕೆಳಗಿನದಕ್ಕೆ. ಎಲ್ಲೋ ಒಂದು ಕಡೆ ಏರಿ ಒಡೆದರೆ ಮಳೆಯ ಲೆಕ್ಕದಲ್ಲೇ ಇಲ್ಲದ ನೀರು ಒಮ್ಮೆಗೇ ಇಳಿಯುತ್ತದೆ. ಅಡ್ಯಾರಿನ ಮೇಲ್ಭಾಗವೆಂದರೆ ಹೀಗೆ ಒಂದರ ಕೆಳಗೊಂದು ಕೂತ ಕೆರೆಗಳ ಸರಣಿ: ಆದನೂರು, ಮಣ್ಣಿವಾಕ್ಕಂ, ಮುಡಿಚೂರು. ಮೈಸೂರು, ಕೋಲಾರ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕರ್ವ್ ನಂಬರ್ ತಂತ್ರದಲ್ಲಿ ನೆಲ ಮೊದಲೇ ಎಷ್ಟು ನೆನೆದಿತ್ತು ಎಂದು ಹೇಳಲು ಒಂದು ನಿಯಮವಿದೆ: ಹಿಂದಿನ ಐದು ದಿನಗಳ ಮಳೆಯನ್ನು ಕೂಡಿಸಿ ನೋಡುವುದು. ಅಯೋವಾದ ಮೆಕ್ಕೆಜೋಳದ ಹೊಲಕ್ಕೆ ಇದು ಸಾಕಾದೀತು. ಡಿಸೆಂಬರ್ 1ಕ್ಕೆ ಅನ್ವಯಿಸಿದರೆ ಲೆಕ್ಕ ಶುರುವಾಗುವುದೇ ನವೆಂಬರ್ 26ರಿಂದ. ಕೆರೆಗಳನ್ನು ತುಂಬಿಸಿದ ನವೆಂಬರ್ ಮಧ್ಯದ ಮಳೆ, 23ರ ಮಳೆ ಎಲ್ಲವೂ ಹೊರಗೇ ಉಳಿಯುತ್ತವೆ. ಮಣ್ಣು ಐದು ದಿನದಲ್ಲಿ ಮಳೆಯನ್ನು ಮರೆಯಬಹುದು. ಕೆರೆ ಬೇಸಿಗೆಯವರೆಗೂ ಮರೆಯುವುದಿಲ್ಲ. ಹಿಂಗಾರಿನ ಚೆನ್ನೈಯಲ್ಲಿ ಮೂರನೆಯ ಮಳೆ ಮೊದಲನೆಯದಕ್ಕಿಂತ ಭೀಕರವಾಗುವುದು ಈ ಕಾರಣಕ್ಕೆ. ಜಲಾನಯನದಿಂದ ಜಲಾನಯನಕ್ಕೆ ಅದೇ ಕೋಷ್ಟಕವನ್ನು ಹೊತ್ತು ತಿರುಗುವ ಪ್ರಬಂಧಗಳು ಈ ಒಂದು ಸಂಗತಿಯನ್ನು ಎದುರಿಸಿಯೇ ಇಲ್ಲ. ಅವು ತಮ್ಮ ಮಾದರಿ ಸರಿಯಿದೆ ಎನ್ನಲು, ಮಾದರಿಯ ಹರಿವು ಅಳೆದ ಹರಿವಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ನ್ಯಾಶ್–ಸಟ್‌ಕ್ಲಿಫ್ ಅಂಕ ತೋರಿಸುತ್ತವೆ. ಆದರೆ ಸಾಧಾರಣ ವರ್ಷಗಳ ಸಾಧಾರಣ ಮಳೆಗೆ ಹೊಂದಿಸಿ ಪಡೆದ ಆ ಅಂಕ, ಎಲ್ಲ ಕೆರೆಗಳೂ ಕೋಡಿ ಬಿದ್ದ ದಿನಕ್ಕೆ ಯಾವ ಭರವಸೆಯನ್ನೂ ಕೊಡಲಾರದು.

2016ರ ವರದಿಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ಆ ಐವರು ಬಳಸಿದ್ದು ಹೊಸ ಹತಾರವಲ್ಲ. ಕಸುಬಿನ ಮಾಮೂಲು ಮಾದರಿಗಳೇ. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾದದ್ದು: ಆ ರಾತ್ರಿ ಅಡ್ಯಾರಿನಲ್ಲಿ ಹರಿದ ನೀರು ಎಲ್ಲಿಂದ ಬಂತು? ಚೆಂಬರಂಬಾಕ್ಕಂ ಜಲಾಶಯ ಬಿಟ್ಟದ್ದಕ್ಕಿಂತ, ಅದರ ಕೆಳಗೆ ಯಾವ ಗೇಟಿನ ಹಿಡಿತಕ್ಕೂ ಸಿಗದೆ ಹರಡಿಕೊಂಡಿರುವ ಜಲಾನಯನದಿಂದ ಬಂದದ್ದೇ ಹೆಚ್ಚು ಎಂಬ ಉತ್ತರ ಅವರಿಗೆ ಸಿಕ್ಕಿತು. ಊರೆಲ್ಲ ಗೇಟು ತೆರೆದವರನ್ನು ಹುಡುಕುತ್ತಿದ್ದ ಹೊತ್ತಿನಲ್ಲಿ, ಪ್ರವಾಹ ಇಳಿದ ಐದಾರು ತಿಂಗಳೊಳಗೆ ಇದನ್ನು ಹೇಳಲು ಧೈರ್ಯ ಬೇಕು. ಕೊರತೆಯೂ ಉಂಟು. ನದಿಯ ಹರಿವಿನ ನಂಬಬಹುದಾದ ಅಳತೆ ಇಲ್ಲದ ಕಡೆ ಮಾದರಿಯ ಉತ್ತರ ಅಂದಾಜೇ ಆಗಿರುತ್ತದೆ. ಭಾಷೆಯೂ ಎಂಜಿನಿಯರುಗಳಿಗಷ್ಟೇ ತಿಳಿಯುವಂಥದ್ದು. ಮುಡಿಚೂರಿನಲ್ಲಿ ಮನೆ ಕಳೆದುಕೊಂಡವರಿಗೆ ಅದು ತಲುಪಲಿಲ್ಲ.

ತಲುಪಿದ್ದು ಸಿಎಜಿಯ ಮಾತು. ಚೆಂಬರಂಬಾಕ್ಕಂನಿಂದ ಸೆಕೆಂಡಿಗೆ 29,000 ಘನ ಅಡಿ (ಕ್ಯೂಸೆಕ್), 21 ಗಂಟೆ ಕಾಲ ನೀರು ಬಿಟ್ಟರು ಎಂಬ ಎರಡು ಅಂಕಿಗಳು ಜನರ ಬಾಯಿಗೆ ಬಂದವು. ಆ ಅಂಕಿಗಳು ಸಣ್ಣವಲ್ಲ. ಗುಣಿಸಿದರೆ 2.19 ಟಿಎಂಸಿ, ಅಂದರೆ 3.645 ಟಿಎಂಸಿ ಸಾಮರ್ಥ್ಯದ ಜಲಾಶಯದ ಅರ್ಧಕ್ಕೂ ಮಿಕ್ಕಿದ ನೀರು. ನನ್ನ ತಕರಾರು ಇದರಿಂದ ಎಳೆಯುವ ತೀರ್ಮಾನದ ಬಗ್ಗೆ. ಜಲಾಶಯದಲ್ಲಿ ಇನ್ನೂ ಜಾಗವಿತ್ತು, ಅದನ್ನು ತುಂಬಿಸಿಕೊಂಡಿದ್ದರೆ ಕೆಳಗಿನ ಊರು ಉಳಿಯುತ್ತಿತ್ತು ಎಂಬುದು ವಾದ. ಉಳಿದಿದ್ದ ಜಾಗ ಕಾಲು ಟಿಎಂಸಿಯ ಆಸುಪಾಸು. ಒಳಹರಿವು 29,000 ಕ್ಯೂಸೆಕ್ ಮಟ್ಟದಲ್ಲಿದ್ದಾಗ ಗೇಟು ಪೂರ್ತಿ ಮುಚ್ಚಿದ್ದರೆ ಅಷ್ಟು ಜಾಗ ಎರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ? ಮಣ್ಣಿನ ಏರಿಯ ಹಿಂದೆ ತುಂಬಿ ನಿಂತ ನೀರು, ಮೇಲೆ ನಿಲ್ಲದ ಮಳೆ, ಕತ್ತಲು. ಆ ಗೇಟಿನ ಬಳಿ ನಿಂತ ಎಂಜಿನಿಯರು ಅದನ್ನು ತೆರೆದದ್ದು ಸರಿ ಎಂದೇ ನನ್ನ ನಂಬಿಕೆ. ತಪ್ಪಾಗಿದ್ದು ಅದಕ್ಕೂ ಮೊದಲ ದಿನಗಳಲ್ಲಿ: ಕುಡಿಯುವ ನೀರಿನ ಜಲಾಶಯವನ್ನು ತುಂಬಿಡಬೇಕೋ ಖಾಲಿಯಿಡಬೇಕೋ ಎಂಬುದಕ್ಕೆ ಮುನ್ಸೂಚನೆಯ ಆಸರೆಯುಳ್ಳ ನಿಯಮವೇ ಇಲ್ಲದ್ದು.

ಗೇಟಿನ ಕಡೆಗೇ ನೋಡುವ ಈ ಬಗೆಯ ವಿಮರ್ಶಕರೊಂದಿಗೆ ನನಗೆ ಇನ್ನೂ ಒಂದು ಜಗಳವಿದೆ. ಅದೇ ಸಿಎಜಿ ವರದಿ ಒತ್ತುವರಿಯ ಬಗ್ಗೆ, ಕೈಬಿಟ್ಟ ಜಲಮೂಲಗಳ ಬಗ್ಗೆ ಕಟುವಾಗಿಯೇ ಬರೆದಿದೆ. ಆ ಪುಟಗಳನ್ನು ಇವರು ತಿರುವಿಹಾಕುವುದಿಲ್ಲ. ಗೇಟಿಗೆ ಒಬ್ಬ ಅಧಿಕಾರಿ ಇರುತ್ತಾನೆ, ಕೋಡಿಗೆ ಯಾರೂ ಇರುವುದಿಲ್ಲ. ಹೊಣೆ ಹೊರಿಸಲು ಮೊದಲನೆಯದೇ ಅನುಕೂಲ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಚೆಂಬರಂಬಾಕ್ಕಂನಿಂದ ಬಿಟ್ಟ ನೀರು 2015ರ ಹತ್ತಿರಕ್ಕೂ ಬರಲಿಲ್ಲ. ಆದರೂ ವೇಳಚೇರಿ, ಪೆರುಂಬಾಕ್ಕಂ, ಪಳ್ಳಿಕರಣೈ ದಿನಗಟ್ಟಲೆ ಮುಳುಗಿದ್ದವು. ಅಲ್ಲಿನ ನೀರು ಪಳ್ಳಿಕರಣೈ ಜವುಗಿನಿಂದ ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಂ ಕಾಲುವೆಗೆ, ಅಲ್ಲಿಂದ ಕೋವಳಂ ಅಳಿವೆಗೆ ಇಳಿಯಬೇಕು. ಸಮುದ್ರ ಉಬ್ಬಿದಾಗ ಆ ದಾರಿ ಮುಚ್ಚಿದಂತೆಯೇ. ದೂರಲು ಗೇಟೇ ಇಲ್ಲದ ಪ್ರವಾಹ ಅದು. ಹಾಗೆಂದು ಎದುರು ಪಕ್ಷದವರ ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂಬ ಸಮಾಧಾನವೂ ನನಗೆ ಸಮ್ಮತವಲ್ಲ. ಎಂಟು ವರ್ಷಗಳ ಅಂತರದಲ್ಲಿ ಎರಡು ಬಾರಿ ಮುಳುಗಿದ ಊರಿಗೆ ಆ ಮಾತು ಹೇಳಬಾರದು.

ಇನ್ನು 2019ರ ವ್ಯವಸ್ಥೆ. ಅವಲೋಕನ ಬರೆದ ಐವರಲ್ಲಿ ಒಬ್ಬರಾದ ಸುಬಿಮಲ್ ಘೋಷ್ ಇದರ ಮುಂಚೂಣಿಯಲ್ಲಿದ್ದವರು. ಐಐಟಿ ಬಾಂಬೆ, ಐಐಟಿ ಮದ್ರಾಸ್, ಅಣ್ಣಾ ವಿಶ್ವವಿದ್ಯಾಲಯ ಮತ್ತಿತರ ಸಂಸ್ಥೆಗಳು ಸೇರಿ ಕಟ್ಟಿದ್ದು. ಪೂರ್ತಿ ಮಾದರಿಯನ್ನು ಮಳೆಯ ಹೊತ್ತಿನಲ್ಲಿ ಓಡಿಸಲು ಬಹಳ ಸಮಯ ಹಿಡಿಯುತ್ತದೆ. ಆದ್ದರಿಂದ 796 ಪ್ರವಾಹ ಸನ್ನಿವೇಶಗಳನ್ನು ಮೊದಲೇ ಲೆಕ್ಕಹಾಕಿ ಇಟ್ಟಿದ್ದಾರೆ. ಹವಾಮಾನ ಮುನ್ಸೂಚನೆ ಬಂದಾಗ ಅದಕ್ಕೆ ಹೊಂದುವ ನಕ್ಷೆ ಹೊರಬರುತ್ತದೆ. ಜಾಣ ಉಪಾಯ. ಉಬ್ಬರವಿಳಿತ, ಚಂಡಮಾರುತದ ಅಲೆಗಳನ್ನು ಲೆಕ್ಕಕ್ಕೆ ತಂದದ್ದು ದೊಡ್ಡ ಹೆಜ್ಜೆ. ಆದರೆ ಇದಕ್ಕೆ ಸಿಕ್ಕ ಹೊಗಳಿಕೆ ಇದು ಹೊರಬಲ್ಲ ಭಾರಕ್ಕಿಂತ ಹೆಚ್ಚಿನದು. ಇಡೀ ಕಟ್ಟಡ ನಿಂತಿರುವುದು ಮಳೆಯ ಮುನ್ಸೂಚನೆಯ ಮೇಲೆ. 2021ರ ಡಿಸೆಂಬರ್ 30ರ ಮಧ್ಯಾಹ್ನ ಯಾರೂ ಹೇಳದ ಮಳೆ ಸುರಿದು ನಗರ ನಿಂತುಹೋಯಿತು. ಮುಖ್ಯಮಂತ್ರಿ ಕೇಂದ್ರಕ್ಕೆ ಪತ್ರ ಬರೆಯುವಷ್ಟರ ಮಟ್ಟಿಗೆ ಅದು ವಿವಾದವಾಯಿತು. 2024ರ ಅಕ್ಟೋಬರಿನಲ್ಲಿ ಕೆಂಪು ಎಚ್ಚರಿಕೆ ಕೇಳಿ ಜನ ವೇಳಚೇರಿ ಮೇಲ್ಸೇತುವೆಯ ಮೇಲೆ ಕಾರುಗಳನ್ನು ಸಾಲಾಗಿ ನಿಲ್ಲಿಸಿದರು. ನಿರೀಕ್ಷಿಸಿದ ಮಹಾಮಳೆ ಉತ್ತರಕ್ಕೆ ಸರಿಯಿತು. ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೀಚೆಯಾದರೆ ಅಡ್ಯಾರಿಗೆ ಬೀಳಬೇಕಾದ ಮಳೆ ಉತ್ತರದ ಕೊಸಸ್ಥಲೈ ನದಿಗೆ ಬೀಳುತ್ತದೆ, ಇಲ್ಲವೇ ಸಮುದ್ರಕ್ಕೆ. ಈ ಅನಿಶ್ಚಯ ಸದ್ಯಕ್ಕೆ ಹೋಗುವಂಥದ್ದಲ್ಲ. ಕೆರೆಯ ಮಟ್ಟದಲ್ಲಿ ಅಂಥ ಅನಿಶ್ಚಯ ಇಲ್ಲ. ಒಂದು ಅಳತೆಗೋಲು, ಅದನ್ನು ಓದುವ ಒಬ್ಬ ಮನುಷ್ಯ ಸಾಕು. ಆದನೂರಿನಲ್ಲಿ ಇಂದು ಎಷ್ಟು ಅಡಿ ಜಾಗ ಉಳಿದಿದೆ ಎಂದು ತಿಳಿದರೆ, 100 ಮಿ.ಮೀ. ಬಿದ್ದರೆ ಏನು, 200 ಬಿದ್ದರೆ ಏನು ಎಂಬುದನ್ನು ಮಳೆಗೆ ಮುಂಚೆಯೇ ಹೇಳಬಹುದು.

ಬೆಂಗಳೂರಿನವರು ಇದನ್ನು ನೆರೆಯವರ ಪಾಡೆಂದು ಓದಬಾರದು. 2022ರ ಸೆಪ್ಟೆಂಬರ್ 5ರ ಬೆಳಗಿನವರೆಗೆ ಇಲ್ಲಿ ಬಿದ್ದದ್ದು 131.6 ಮಿ.ಮೀ.; 2015ರ ಡಿಸೆಂಬರ್ 1ರಂದು ತಾಂಬರಂನಲ್ಲಿ ಬಿದ್ದದ್ದರ ಮೂರನೆಯ ಒಂದು ಪಾಲೂ ಅಲ್ಲ. ಹಿಂದಿನ ವಾರದ ಮಳೆಗೆ ತುಂಬಿದ್ದ ಕೆರೆಗಳು ಕೋಡಿ ಹರಿದು ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ದೋಣಿ ಬರಬೇಕಾಯಿತು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಜಾಲ ದೇಶದಲ್ಲೇ ಒಳ್ಳೆಯದು. ಮಳೆಯನ್ನು ಅಷ್ಟು ಒತ್ತೊತ್ತಾಗಿ ಅಳೆಯುವವರು ಕೆರೆಗಳನ್ನೂ ಅಷ್ಟೇ ಒತ್ತೊತ್ತಾಗಿ ಅಳೆಯಬೇಕಿತ್ತು.

ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳ ಮಟ್ಟ ಚೆನ್ನೈಯಲ್ಲಿ ದಿನವೂ ಪ್ರಕಟವಾಗುತ್ತದೆ, ಏಕೆಂದರೆ ಅದು ಕುಡಿಯುವ ನೀರಿನ ಲೆಕ್ಕ. ಉಳಿದ ನೂರಾರು ಕೆರೆಗಳಲ್ಲಿ ಇಷ್ಟು ತುಂಬಿವೆ ಎಂಬ ಒಟ್ಟು ಎಣಿಕೆ ಹಿಂಗಾರಿನಲ್ಲಿ ಸುದ್ದಿಯಾಗುತ್ತದೆ. ಜನರಿಗೆ ಬೇಕಾದದ್ದು ತಮ್ಮ ಊರ ಮೇಲಿನ ಕೆರೆಯ ಇವತ್ತಿನ ಮಟ್ಟ. ತಮಿಳುನಾಡು ಸರ್ಕಾರ ಚೆನ್ನೈ ಜಲಾನಯನಗಳಿಗೆಲ್ಲ ಸಂವೇದಕಗಳನ್ನು ಹಾಕಿ ತತ್‌ಕ್ಷಣದ ಮುನ್ಸೂಚನಾ ವ್ಯವಸ್ಥೆ ಕಟ್ಟಲು ಕೈಹಾಕಿದೆ. ಅದನ್ನು ನಾನು ಎರಡು ವಿಷಯಗಳಲ್ಲಿ ಪರೀಕ್ಷಿಸುತ್ತೇನೆ: ಚಿಕ್ಕ ಕೆರೆಗಳ ಮಟ್ಟ ಯಾರು ಬೇಕಾದರೂ ನೋಡುವಂತೆ ಪ್ರಕಟವಾಗುತ್ತದೆಯೇ, ಪ್ರತಿ ಪ್ರವಾಹದ ನಂತರ ಮುನ್ಸೂಚನೆಯ ನಕ್ಷೆಯನ್ನೂ ನೀರು ನಿಜಕ್ಕೂ ನಿಂತ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಾರೆಯೇ. ಎರಡನೆಯದರ ಬಗ್ಗೆ ನನಗೆ ಅನುಮಾನವಿದೆ. 2021ರ ಪ್ರವಾಹದ ಬಳಿಕ ನಿವೃತ್ತ ಅಧಿಕಾರಿ ತಿರುಪ್ಪುಗಳ್ ಅವರ ನೇತೃತ್ವದಲ್ಲಿ ನೇಮಿಸಿದ ಸಮಿತಿ 2023ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಮಿಚಾಂಗ್ ಬಂದು ಹೋದಾಗಲೂ ಆ ವರದಿ ಚೆನ್ನೈಯ ಜನರ ಕೈಗೆ ಸಿಕ್ಕಿರಲಿಲ್ಲ.